ಬದುವಿಗೆ ಇಟ್ಟ ಬೆಂಕಿ

ಗೃಹಸ್ಥನಾದವನು ಅಗ್ನಿಯ ಸಹಾಯವಿಲ್ಲದೆ ಒಂದು ದಿನವನ್ನೂ ಕಳೆಯಲಾರನು. ಅನ್ನ ಬೇಯಬೇಕು, ನೀರು ಕಾಯಬೇಕು, ದೇವರ ಮುಂದೆ ದೀಪ ಬೆಳಗಬೇಕು. ಆದರೂ ಪೃಥ್ವಿ, ಜಲ, ವಾಯು, ವನಸ್ಪತಿಗಳಂತೆ ಅಗ್ನಿಯೂ ಏಕೇಂದ್ರಿಯ ಜೀವಗಳ ಶರೀರವೆಂದು ಜೈನಾಗಮವು ಸಾರಿರುವುದರಿಂದ ಶ್ರಾವಕನ ಮನೆಯಲ್ಲಿ ಬೆಂಕಿಗೆ ಒಂದು ಮಿತಿಯುಂಟು. ಸೂರ್ಯಾಸ್ತಕ್ಕೆ ಮೊದಲೇ ಒಲೆ ಆರುತ್ತದೆ. ಸೌದೆಯನ್ನು ಒಲೆಗಿಡುವ ಮುನ್ನ ನೆಲಕ್ಕೆ ಕುಟ್ಟಿ, ಒಳಗಿನ ಹುಳುಹುಪ್ಪಟೆ ಉದುರಿತೇ ಎಂದು ನೋಡುವ ತಾಯಂದಿರು ಹಳೆಯ ಮನೆಗಳಲ್ಲಿ ಈಗಲೂ ಇದ್ದಾರೆ. ಒಲೆಯ ಬೆಂಕಿಯ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ಸಮಾಜವು ಹೊಲದ ಬದುವಿಗೆ, ಹಿತ್ತಿಲ ಕಸಕ್ಕೆ, ಬಸದಿಯ ಆವರಣದ ತರಗೆಲೆಗೆ ಇಡುವ ಬೆಂಕಿಯ ವಿಷಯದಲ್ಲಿಯೂ ಅಷ್ಟೇ ಎಚ್ಚರವಾಗಿದೆಯೇ ಎಂಬುದು ವಿಚಾರಿಸಬೇಕಾದ ಸಂಗತಿ. ದಾವಣಗೆರೆಯ ಒಬ್ಬ ವರ್ತಕರಿಗೆ 2019ರ ಬೇಸಿಗೆಯಲ್ಲಿ ಒದಗಿದ ಅನುಭವವನ್ನು ಧರ್ಮಬಂಧುಗಳ ಮುಂದಿಡುವುದು ಈ ವಿಚಾರಕ್ಕೆ ಸಹಾಯಕವಾದೀತು.

ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವ ದಾರಿ ಹದಿನಾಲ್ಕು ಕಿಲೋಮೀಟರುಗಳಷ್ಟು. ಭದ್ರಾ ನಾಲೆಯ ನೀರು ಹರಿಯುವಲ್ಲಿ ಬತ್ತ, ಅಡಿಕೆ, ಕಬ್ಬು. ತುಂಗಭದ್ರೆಯ ದಡದಲ್ಲಿ ಹಸಿರು. ಈ ಹಸಿರನ್ನು ಕಂಡ ಪ್ರಯಾಣಿಕನಿಗೆ ಇದು ಒಣನಾಡು ಎಂಬ ನೆನಪೇ ಆಗುವುದಿಲ್ಲ. ಆದರೆ ನಾಲೆಯ ನೀರು ಏರದ ಎತ್ತರದ ನೆಲವೆಲ್ಲ ಮಳೆಯನ್ನೇ ನಂಬಿದ ಬೆದ್ದಲು. ಮುಂಗಾರು ಹಿಂಗಾರುಗಳೆರಡೂ ಮುಗಿದ ಮೇಲೆ ಪುಷ್ಯಮಾಸದಿಂದ ಚೈತ್ರದವರೆಗೆ ಇಲ್ಲಿ ಹನಿ ಬೀಳುವುದು ಅಪರೂಪ. ಮೆಕ್ಕೆಜೋಳದ ಕೊಯ್ಲಿನ ಅನಂತರ ನಿಂತ ಸೊಪ್ಪೆ, ಬದುವಿನ ಮೇಲೆ ಮೊಳಕಾಲೆತ್ತರ ಬೆಳೆದು ಬಣ್ಣಗೆಟ್ಟ ಹುಲ್ಲು, ಗೋಮಾಳದ ಕಾಶಿಹುಲ್ಲು, ಕೊಂಡಜ್ಜಿಯ ಗುಡ್ಡದ ಕುರುಚಲು ಕಾಡು, ಎಲ್ಲವೂ ಫಾಲ್ಗುಣದ ಹೊತ್ತಿಗೆ ಕಾಗದದಂತಾಗುತ್ತವೆ. ಕಾಡ್ಗಿಚ್ಚು ಎಂದೊಡನೆ ಜನರಿಗೆ ಮಲೆನಾಡು ನೆನಪಾಗುತ್ತದೆ, ಬಂಡೀಪುರ ನೆನಪಾಗುತ್ತದೆ. ಕಾಡೇ ಇಲ್ಲದ ಬಯಲುಸೀಮೆಯಲ್ಲಿ ಬೆಂಕಿಗೆ ಹುಲ್ಲೇ ಸಾಕೆಂಬುದು ನೆನಪಾಗುವುದಿಲ್ಲ.

ಮೇಲೆ ಹೇಳಿದ ವರ್ತಕರು ಹತ್ತಿಯ ವ್ಯಾಪಾರದ ಮನೆತನಕ್ಕೆ ಸೇರಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅವರ ತಂದೆ ಗಿರಣಿಗಳಿಗೆ ಹತ್ತಿ ಒದಗಿಸುತ್ತಿದ್ದರು. ಗಿರಣಿಗಳ ಸದ್ದು ಅಡಗಿದ ಮೇಲೆ ಮಗನು ಕಾಳುಕಡಿ, ಮೆಕ್ಕೆಜೋಳಗಳ ವ್ಯಾಪಾರಕ್ಕಿಳಿದರು. ಹತ್ತಿಯ ಉಗ್ರಾಣದಲ್ಲಿ ಬೆಳೆದ ಮಗುವಿಗೆ ಬೆಂಕಿಯ ಭಯವನ್ನು ಯಾರೂ ಕಲಿಸಬೇಕಾಗಿಲ್ಲ. ಒಳಗೆ ಕಾಲಿಡುವ ಹಮಾಲಿಯು ಬೀಡಿ ಬೆಂಕಿಪೆಟ್ಟಿಗೆಗಳನ್ನು ಬಾಗಿಲ ಬಳಿಯ ಗೂಡಿನಲ್ಲಿಟ್ಟು ಬರಬೇಕು. ಗೋಡೆಯುದ್ದಕ್ಕೂ ಮರಳು ತುಂಬಿದ ಕೆಂಪು ಬಕೆಟ್ಟುಗಳಿರಬೇಕು. ವಿಮೆಯ ಕಂತು ಒಂದು ದಿನವೂ ತಪ್ಪಬಾರದು. ಈ ಶಿಸ್ತನ್ನು ಅವರು ಐವತ್ತು ವರ್ಷ ಪಾಲಿಸಿದ್ದರು. ಜೊತೆಗೆ ಅವರು ಶಾಸ್ತ್ರವನ್ನು ಬಲ್ಲವರು. ಭಾನುವಾರಗಳಲ್ಲಿ ಬಸದಿಯ ಸ್ವಾಧ್ಯಾಯದಲ್ಲಿ ಮಕ್ಕಳಿಗೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಪಾಠ ಹೇಳುತ್ತಿದ್ದರು.

ಹರಿಹರದಿಂದ ಕೊಂಡಜ್ಜಿಯ ಕಡೆಗೆ ಹೋಗುವ ದಿಕ್ಕಿನಲ್ಲಿ ಅವರಿಗೆ ಆರು ಎಕರೆ ಬೆದ್ದಲು ಹೊಲವೂ ಅದರ ಅಂಚಿನಲ್ಲಿ ತಾತನ ಕಾಲದ ಒಂದು ಹೆಂಚಿನ ಮನೆಯೂ ಇತ್ತು. ಆ ಮನೆಯಲ್ಲಿ ಅವರ ಅಕ್ಕ ಇದ್ದರು. ಎಪ್ಪತ್ತು ದಾಟಿದ ವಿಧವೆ, ವ್ರತಿ. ನಗರದ ಮನೆಗೆ ಬಂದಿರೆಂದು ತಮ್ಮನು ಎಷ್ಟು ಕರೆದರೂ ಬಾವಿಯ ನೀರನ್ನೂ ಮೌನವನ್ನೂ ಬಿಟ್ಟು ಬರಲು ಅವರು ಒಪ್ಪಿರಲಿಲ್ಲ. ಹೊಲವನ್ನು ನೋಡಿಕೊಳ್ಳಲು ಒಬ್ಬ ಆಳು ಇದ್ದನು. ಪಕ್ಕದ ಎರಡು ಎಕರೆ ಒಬ್ಬ ಬಡ ರೈತನದು. ಅವನ ಮನೆ, ಕೊಟ್ಟಿಗೆ, ಬಣವೆಗಳು ಬಂಡಿದಾರಿಯ ಆಚೆಗಿದ್ದವು.

2019ರ ಫೆಬ್ರುವರಿಯ ಕೊನೆಯ ವಾರದಲ್ಲಿ ಬಂಡೀಪುರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಲವು ದಿನಗಳ ಕಾಲ ಬೆಂಕಿ ಉರಿದು ಸಾವಿರಾರು ಎಕರೆ ಕಾಡು ಬೂದಿಯಾಯಿತು. ಸುಟ್ಟ ಮೊಲಗಳ, ಹಾವುಗಳ ಚಿತ್ರಗಳು ಮನೆಮನೆಯ ಫೋನುಗಳಲ್ಲಿ ಓಡಾಡಿದವು. ವರ್ತಕರು ಆ ಚಿತ್ರಗಳನ್ನು ನೋಡಿ ನೊಂದರು. ಆ ಭಾನುವಾರದ ಸ್ವಾಧ್ಯಾಯದಲ್ಲಿ, ಕಾಡಿಗೆ ಬೆಂಕಿಯಿಡುವುದನ್ನು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಒಂದಾಗಿ ಪೂರ್ವಾಚಾರ್ಯರು ಎಣಿಸಿರುವುದನ್ನು ಮಕ್ಕಳಿಗೆ ವಿವರಿಸಿದರು. ಅದಕ್ಕೆ ದವದಾನವೆಂದು ಹೆಸರು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಈ ದವದಾನವು ಎರಡು ವಿಧವೆನ್ನುತ್ತಾರೆ: ಸುಮ್ಮನೆ ಚಟದಿಂದ ಹಚ್ಚುವುದು ಒಂದು, ಒಳ್ಳೆಯದಾಗುತ್ತದೆಂಬ ಬುದ್ಧಿಯಿಂದ ಹಚ್ಚುವುದು ಇನ್ನೊಂದು. ಹಳೆಯ ಹುಲ್ಲು ಸುಟ್ಟರೆ ದನಗಳಿಗೆ ಹೊಸ ಹುಲ್ಲು ಚಿಗುರುತ್ತದೆ, ಹೊಲಕ್ಕೆ ಫಸಲು ಹೆಚ್ಚುತ್ತದೆ ಎಂಬಂಥ ಎಣಿಕೆಗಳು ಎರಡನೆಯ ವಿಧದಲ್ಲಿ ಸೇರುತ್ತವೆ. ಮಕ್ಕಳು ತಲೆದೂಗಿದರು. ಪಾಠ ಮುಗಿಯಿತು.

ಶಿವರಾತ್ರಿ ಕಳೆದು ಎರಡನೆಯ ವಾರ. ಯುಗಾದಿಗೂ ಮಹಾವೀರ ಜಯಂತಿಗೂ ನಂಟರಿಷ್ಟರು ಹೊಲದ ಮನೆಗೆ ಬರುವವರಿದ್ದರು. ವರ್ತಕರು ಅಂಗಡಿಯಲ್ಲಿ ಕುಳಿತು ಆಳಿಗೆ ಫೋನು ಮಾಡಿ, ಬದುವಿನ ಹುಲ್ಲು ಬೆಳೆದು ಅಸಹ್ಯವಾಗಿದೆ, ಶುಚಿ ಮಾಡಿಸೆಂದರು. ಕೊಯ್ಯಿಸಬೇಕೋ, ಬೆಂಕಿಯಿಡಬೇಕೋ ಎಂದು ಅವನು ಕೇಳಿದನು. ಕೊಯ್ಯಿಸಲು ಎಷ್ಟಾದೀತೆಂದು ಇವರು ಕೇಳಿದರು. ನಾಲ್ಕು ಆಳುಗಳಿಗೆ ಎರಡು ದಿನದ ಕೂಲಿ, ಅಂದರೆ ಎರಡು ಸಾವಿರ ರೂಪಾಯಿಗೆ ಮೇಲೆ. ವರ್ತಕರು ಕ್ಷಣಕಾಲ ಸುಮ್ಮನಿದ್ದು, "ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು" ಎಂದು ಫೋನನ್ನು ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆಳು ಬದುವಿಗೆ ಬೆಂಕಿಯಿಟ್ಟನು. ಆ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸ. ಮೊದಲ ಅರ್ಧ ಗಂಟೆ ಬೆಂಕಿಯು ಸಾಧುವಾಗಿಯೇ ಹರಿಯಿತು. ಮಧ್ಯಾಹ್ನ ಬಿಸಿಗಾಳಿ ಎದ್ದಿತು. ಸುರುಳಿ ಗಾಳಿಯೊಂದು ಉರಿಯುವ ಹುಲ್ಲನ್ನು ಎತ್ತಿ ಗೋಮಾಳಕ್ಕೆ ಎಸೆಯಿತು. ಒಣಹುಲ್ಲಿನ ಬೆಂಕಿಯು ಗಾಳಿಯ ಬೆನ್ನೇರಿದಾಗ ಅದರ ಮುಂದೆ ಓಡುವುದೂ ಕಷ್ಟ. ಇಳಿಜಾರನ್ನು ಏರುವಾಗ ಅದರ ವೇಗ ಇನ್ನೂ ಹೆಚ್ಚು. ಹೊಲದ ಮನೆ ಇದ್ದದ್ದು ಆ ಇಳಿಜಾರಿನ ತಲೆಯಲ್ಲಿ.

ಮನೆಯ ಗೋಡೆ ಕಲ್ಲಿನದು, ಮಾಡು ಹೆಂಚಿನದು. ಉರಿಯುವಂಥದ್ದೇನೂ ಇಲ್ಲವೆಂದೇ ನೋಡಿದವರು ಹೇಳುತ್ತಿದ್ದರು. ಆದರೆ ಹಿಂಭಾಗದ ಗೋಡೆಗೆ ಒರಗಿಸಿ ಸೌದೆ ಪೇರಿಸಿತ್ತು, ಅದರ ಮೇಲೆ ಒಣಗಿದ ತೆಂಗಿನ ಗರಿಗಳಿದ್ದವು. ಎರಡು ಮಾಡುಗಳು ಕೂಡುವ ಕಣಿವೆಯಲ್ಲಿ ಅಂಗಳದ ಬೇವಿನ ಮರದ ಎಲೆ ಎರಡು ವರ್ಷಗಳಿಂದ ತುಂಬಿತ್ತು. ಸರಿದ ಹೆಂಚುಗಳ ಸಂದಿನಿಂದ ಒಳಗಿನ ತೊಲೆಗಳು ಕಾಣುತ್ತಿದ್ದವು. ಬೆಂಕಿಯ ಸಾಲು ಇನ್ನೂ ದೂರದಲ್ಲಿರುವಾಗಲೇ ಗಾಳಿಯಲ್ಲಿ ಹಾರಿ ಬಂದ ಕಿಡಿಗಳು ಗರಿಯ ಮೇಲೂ ಎಲೆಯ ಮೇಲೂ ಬಿದ್ದವು. ಮನೆ ಹೊರಗಿನಿಂದ ಹೊತ್ತುವ ಮೊದಲೇ ಮಾಡಿನಲ್ಲಿ ಹೊಗೆಯಾಡಿತು.

ಒಳಗೆ ಅಕ್ಕ ಸಾಮಾಯಿಕಕ್ಕೆ ಕುಳಿತಿದ್ದರು. ಹೊಗೆಯನ್ನು ಮೊದಲು ಕಂಡವನು ಪಕ್ಕದ ಹೊಲದ ರೈತ. ಅವನ ಮನೆಯ ದಿಕ್ಕಿಗೂ ಬೆಂಕಿ ಹೊರಳುತ್ತಿರುವುದು ಅವನಿಗೆ ಕಾಣುತ್ತಿತ್ತು. ಆದರೂ ಒಬ್ಬಂಟಿ ಮುದುಕಿ ಒಳಗಿದ್ದಾರೆಂದು ಅವನೂ ಅವನ ಹೆಂಡತಿಯೂ ಮಗನೂ ಮೊದಲು ಇತ್ತ ಓಡಿ ಬಂದರು. ಅಕ್ಕನನ್ನು ಹೊರಗೆ ಕರೆತಂದು, ಸೌದೆಯನ್ನು ಎಳೆದು ಚೆಲ್ಲಿ, ಹಸಿ ಹೊಂಗೆಯ ಕೊಂಬೆಗಳಿಂದ ಬಡಿದು, ಗೋಣಿಚೀಲ ತೋಯಿಸಿ ಹೊದಿಸಿ, ಆಳಿನೊಡನೆ ಸೇರಿ ಒಂದು ಗಂಟೆ ಹೋರಾಡಿದರು. ಅಡುಗೆಮನೆಯ ಮೇಲಿನ ಮೂರು ತೊಲೆಗಳು ಸುಟ್ಟವು, ಮನೆ ಉಳಿಯಿತು. ಅಷ್ಟರಲ್ಲಿ ಬೆಂಕಿಯು ಬಂಡಿದಾರಿಯನ್ನು ದಾಟಿ ರೈತನ ಬಣವೆಯನ್ನು ಹಿಡಿದಿತ್ತು, ಬಣವೆಯಿಂದ ಕೊಟ್ಟಿಗೆಗೆ ಹಾರಿತ್ತು. ಹಸುವು ಹಗ್ಗ ಹರಿದುಕೊಂಡು ಹೋಗಿತ್ತು. ಗೂಟಕ್ಕೆ ಕಟ್ಟಿದ್ದ ಕರು ಸತ್ತಿತು. ಅಗ್ನಿಶಾಮಕದ ವಾಹನವು ಬಂದರೂ ಬಂಡಿದಾರಿ ಕಿರಿದಾದುದರಿಂದ ದೂರದಲ್ಲೇ ನಿಂತು ಕೊಳವೆ ಎಳೆಯಬೇಕಾಯಿತು. ಅವರು ಬಂದಾಗ ಬಣವೆಯ ಬುಡ ಮಾತ್ರ ಕೆಂಡವಾಗಿತ್ತು.

ಸಂಜೆ ವರ್ತಕರು ದಾವಣಗೆರೆಯಿಂದ ಬಂದರು. ಅಂಗಳದಲ್ಲಿ ಊರವರು ಸೇರಿದ್ದರು. ಆಳಿನ ಅಜಾಗರೂಕತೆಯಿಂದ ಹೀಗಾಯಿತೆಂದು ಎಲ್ಲರೂ ಬೈಯುತ್ತಿದ್ದರು, ಪೊಲೀಸರಿಗೆ ತಿಳಿಸಬೇಕೆಂದೂ ಕೆಲವರು ಹೇಳಿದರು. ಆಳು ತಲೆತಗ್ಗಿಸಿ ನಿಂತಿದ್ದನು. ಹಿಂದಿನ ದಿನದ ಫೋನಿನ ಮಾತನ್ನು ಅವನು ಆಡಲಿಲ್ಲ. ವರ್ತಕರೂ ಆಡಲಿಲ್ಲ. ಅಕ್ಕ ಕ್ಷೇಮವೆಂದು ದೇವರನ್ನು ನೆನೆದು, ಆಳಿಗೆ ನಾಲ್ಕು ಕಟುವಾದ ಮಾತುಗಳನ್ನೂ ಹೇಳಿ, ಅವರು ರಾತ್ರಿ ನಗರಕ್ಕೆ ಹಿಂತಿರುಗಿದರು.

ಮರುದಿನ ಬೆಳಿಗ್ಗೆ ಅಕ್ಕ ಸುಟ್ಟ ಬದುವಿನ ಮೇಲೆ ನಡೆದು ನೋಡಿದರು. ಟಿಟ್ಟಿಭ ಪಕ್ಷಿಯೊಂದು ಒಂದೇ ಸ್ಥಳದ ಮೇಲೆ ಸುತ್ತುತ್ತ ಕೂಗುತ್ತಿತ್ತು. ಅದು ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿ. ಕೆಳಗೆ ನಾಲ್ಕು ಮೊಟ್ಟೆಗಳು ಕಪ್ಪಾಗಿ ಒಡೆದಿದ್ದವು. ತಮ್ಮನಿಗೆ ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಪಾರ್ಶ್ವನಾಥ ಸ್ವಾಮಿಯ ಕಥೆಯನ್ನು ನೀನು ಮಕ್ಕಳಿಗೆ ಹೇಳುತ್ತೀಯಲ್ಲ, ಉರಿಯುವ ಕೊರಡಿನಲ್ಲಿ ಹಾವಿನ ಜೋಡಿ ಇದ್ದದ್ದು. ನಮ್ಮ ಬದುವಿನಲ್ಲಿ ಏನಿತ್ತೆಂದು ಹಚ್ಚುವ ಮೊದಲು ಯಾರು ನೋಡಿದರು?"

ಈ ಪ್ರಶ್ನೆಯಿಂದ ವರ್ತಕರಿಗೆ ನಿದ್ರೆ ಹತ್ತಲಿಲ್ಲ. ಅವರು ವಾಣಿಜ್ಯಶಾಸ್ತ್ರ ಓದಿದವರು; ಯಾವ ವ್ಯವಹಾರವನ್ನು ಯಾರ ಖಾತೆಗೆ ಬರೆಯಬೇಕೆಂಬುದರಲ್ಲಿ ಜೀವಮಾನ ಕಳೆದವರು. ಬಣವೆ, ಕೊಟ್ಟಿಗೆ, ಕರು, ನಾಲ್ಕು ಮೊಟ್ಟೆ, ಹೆಸರು ತಿಳಿಯದ ಅಸಂಖ್ಯ ಜೀವಗಳು: ಇವನ್ನು ಆಳಿನ ಖಾತೆಗೆ ಬರೆಯುವುದು ಸುಲಭವಾಗಿತ್ತು, ಊರೇ ಬರೆದಿತ್ತು. ಆದರೆ ರತ್ನಕರಂಡಕವು ಬೇರೆ ಲೆಕ್ಕ ಹೇಳುತ್ತದೆ. ಅನರ್ಥದಂಡವೆಂಬ ನಿಷ್ಪ್ರಯೋಜಕ ಪಾಪದ ಐದು ಬಗೆಗಳಲ್ಲಿ ಹಿಂಸೆಗೆ ಕಾರಣವಾಗುವ ಕೆಲಸಗಳನ್ನು ಇತರರಿಗೆ ಉಪದೇಶಿಸುವುದು ಪಾಪೋಪದೇಶ. ಕೊಡಲಿ, ಕತ್ತಿ, ಗುದ್ದಲಿಗಳಂತೆ ಬೆಂಕಿಯನ್ನೂ ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಪ್ರಮಾದಚರ್ಯೆ. ಇವನ್ನು ಅವರು ವರ್ಷವರ್ಷವೂ ಪಾಠ ಹೇಳಿದ್ದರು. "ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು" ಎಂಬ ಒಂದೇ ವಾಕ್ಯದಲ್ಲಿ ಈ ಮೂರೂ ಇದ್ದವು. ಆಳಿಗೆ ಅನುಕೂಲವಾದುದು ಯಾವುದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಬಾಯಲ್ಲಿ ಹೇಳದಿದ್ದುದರಿಂದ ತಮಗೆ ಅಂಟದೆಂದು ಭಾವಿಸಿದ್ದರು. ಕೃತ, ಕಾರಿತ, ಅನುಮೋದನ, ಅಂದರೆ ಮಾಡುವುದು, ಮಾಡಿಸುವುದು, ಒಪ್ಪುವುದು, ಈ ಮೂರರಲ್ಲಿಯೂ ಕರ್ಮವುಂಟೆಂಬ ಸಿದ್ಧಾಂತವು ಇಂಥ ಮೌನವನ್ನು ಗಮನದಲ್ಲಿಟ್ಟುಕೊಂಡೇ ಹೇಳಿದಂತಿದೆ.

ಮೂರನೆಯ ದಿನ ಅವರು ಮತ್ತೆ ಹೊಲಕ್ಕೆ ಹೋಗಿ, ಅದೇ ಅಂಗಳಕ್ಕೆ ಅದೇ ಜನರನ್ನು ಕರೆಸಿ, ಫೋನಿನಲ್ಲಿ ತಾವು ಆಡಿದ ಮಾತನ್ನು ಇದ್ದಂತೆ ಹೇಳಿದರು. ಬೆಂಕಿ ತಮ್ಮದೆಂದರು. ಆಳಿನ ಕ್ಷಮೆ ಕೇಳಿದರು. ರೈತನಿಗೆ ಎರಡು ಟ್ರ್ಯಾಕ್ಟರ್ ಬತ್ತದ ಹುಲ್ಲನ್ನು ತರಿಸಿಕೊಟ್ಟರು, ಕೊಟ್ಟಿಗೆಯನ್ನು ಕಟ್ಟಿಸಿಕೊಟ್ಟರು. ಕರುವಿಗೆ ಬೆಲೆ ಕಟ್ಟಲು ಇಬ್ಬರಿಗೂ ಮನಸ್ಸು ಬರಲಿಲ್ಲ. ರೈತನು ಕೋಪದ ಮಾತನ್ನೂ ಆಡಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. "ಬರುವ ವರ್ಷ ಹುಲ್ಲು ಕೊಯ್ಯಿಸಿ. ನನ್ನ ಹಸುವೇ ತಿಂದೀತು" ಎಂದನು. ವರ್ತಕರು ಅಂಗಡಿಗೆ ಬಂದು ಆ ವೆಚ್ಚವನ್ನು ದಾನದ ಬಾಬಿನಲ್ಲಿ ಬರೆಯಲು ಹೊರಟ ಗುಮಾಸ್ತೆಯನ್ನು ತಡೆದು, ಸಾಲದ ಬಾಬಿನಲ್ಲಿ ಬರೆಸಿದರು.

ಲೌಕಿಕ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಬೆಂಕಿಯನ್ನು ಅಜಾಗರೂಕತೆಯಿಂದ ಬಳಸಿ ಇತರರ ಪ್ರಾಣಕ್ಕೆ ಅಪಾಯ ತರುವುದು 1860ರ ಭಾರತೀಯ ದಂಡ ಸಂಹಿತೆಯಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಪರಾಧವೇ. ಮೀಸಲು ಅರಣ್ಯದಲ್ಲಿ ಬೆಂಕಿಯಿಡುವುದನ್ನು 1963ರ ಕರ್ನಾಟಕ ಅರಣ್ಯ ಅಧಿನಿಯಮವು ನಿಷೇಧಿಸುತ್ತದೆ. ಆದರೆ ಕಾನೂನು ಹುಡುಕುವುದು ಹಚ್ಚಿದ ಕೈಯನ್ನು. ಹಚ್ಚಿಸಿದ ಮನಸ್ಸನ್ನು ಹುಡುಕಬೇಕಾದವನು ಶ್ರಾವಕನೇ.

ಅಂದಿನಿಂದ ಆ ಹೊಲದಲ್ಲಿಯೂ ಮನೆಯಲ್ಲಿಯೂ ನಡೆದಿರುವ ವ್ಯವಸ್ಥೆಯನ್ನು ಇಲ್ಲಿ ವಿವರಿಸುವುದು ಉಚಿತ. ಇದರಲ್ಲಿ ಹೆಚ್ಚಿನ ಖರ್ಚಿಲ್ಲ, ಕಾಲದ ಅರಿವು ಮಾತ್ರ ಬೇಕು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಎಂಬವರು ಕಾಡ್ಗಿಚ್ಚಿನಲ್ಲಿ ಮನೆಗಳು ಹೇಗೆ ಹೊತ್ತುತ್ತವೆಂಬುದನ್ನು ಬಹುಕಾಲ ಅಧ್ಯಯನ ಮಾಡಿ, ಮನೆಯ ಅಳಿವು ಉಳಿವುಗಳನ್ನು ನಿರ್ಧರಿಸುವುದು ದೂರದ ದೊಡ್ಡ ಜ್ವಾಲೆಗಿಂತ ಹೆಚ್ಚಾಗಿ ಹಾರಿ ಬರುವ ಕಿಡಿಗಳು ಮತ್ತು ಅವು ಬೀಳುವ ಸ್ಥಳ ಎಂದು ತೋರಿಸಿದರು. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಊರು ಸುಟ್ಟು 85 ಜನ ಸತ್ತಾಗ, ಮನೆಗಳು ಬೂದಿಯಾದ ಬೀದಿಗಳಲ್ಲಿ ಎಷ್ಟೋ ಮರಗಳು ಹಸಿರಾಗಿಯೇ ನಿಂತಿದ್ದವು. 2023ರ ಆಗಸ್ಟಿನಲ್ಲಿ ಹವಾಯಿ ದ್ವೀಪಗಳ ಲಹೈನಾ ಪಟ್ಟಣವನ್ನು ಸುಟ್ಟ ಬೆಂಕಿಗೆ ಉಣಿಸಾದದ್ದರಲ್ಲಿ ಕಬ್ಬಿನ ಕೃಷಿ ನಿಂತ ಮೇಲೆ ಬೀಳುಬಿದ್ದ ಹೊಲಗಳ ಒಣಹುಲ್ಲೇ ಬಹುಪಾಲು. ನೂರರಷ್ಟು ಜನರು ಅಲ್ಲಿ ಪ್ರಾಣ ಕಳೆದುಕೊಂಡರು. ಬೀಳುಬಿದ್ದ ಹೊಲ, ಒಣಹುಲ್ಲು, ಬಲವಾದ ಗಾಳಿ: ಈ ಮೂರೂ ದಾವಣಗೆರೆಯ ರೈತನಿಗೆ ಅಪರಿಚಿತವಲ್ಲ.

ಆದಕಾರಣ ಮೊದಲ ಕೆಲಸವು ಮನೆಯಿಂದಲೇ ಆರಂಭವಾಗಬೇಕು. ಗೋಡೆಯಿಂದ ಐದು ಅಡಿಯೊಳಗೆ ಉರಿಯುವ ಯಾವ ವಸ್ತುವೂ ಇರಬಾರದು: ಸೌದೆ, ಗರಿ, ಗೋಣಿ, ಬೆರಣಿ, ಹಳೆಯ ಪೆಟ್ಟಿಗೆ ಯಾವುದೂ. ಅಲ್ಲಿ ಬರಿಯ ಮಣ್ಣೋ ಜಲ್ಲಿಯೋ ಇರಲಿ. ಮೂವತ್ತು ಅಡಿಯವರೆಗೆ ಹುಲ್ಲನ್ನು ಗಿಡ್ಡವಾಗಿ ಇಡಬೇಕು, ತರಗೆಲೆಯನ್ನು ಗುಡಿಸಬೇಕು, ಮಾಡಿನ ಮೇಲೆ ಬಾಗಿದ ಒಣಕೊಂಬೆಗಳನ್ನು ತೆಗೆಯಬೇಕು. ಹೆಂಚುಗಳನ್ನು ವರ್ಷಕ್ಕೊಮ್ಮೆ ಕೈಯಾಡಿಸಿ ಸಂದುಗಳನ್ನು ಮುಚ್ಚಬೇಕು. ಮಾಡಿನ ಕಣಿವೆಯ ಎಲೆಯನ್ನು ಮಾಘಮಾಸದಲ್ಲಿ ತೆಗೆದು, ಯುಗಾದಿಯ ಹೊತ್ತಿಗೆ ಮತ್ತೊಮ್ಮೆ ನೋಡಬೇಕು. ಗಾಳಿಗಂಡಿಗಳಿಗೆ ಸಣ್ಣ ಕಣ್ಣಿನ ತಂತಿಬಲೆ ಹಾಕಿಸಬೇಕು. ಬಣವೆಯನ್ನು ಮನೆ ಕೊಟ್ಟಿಗೆಗಳಿಂದ ದೂರದಲ್ಲಿ, ಒಂದೇ ದೊಡ್ಡದರ ಬದಲು ಎರಡಾಗಿ, ನಡುವೆ ಬರಿಯ ನೆಲ ಬಿಟ್ಟು ಒಟ್ಟಬೇಕು. ಬೇಸಿಗೆಯುದ್ದಕ್ಕೂ ತೊಟ್ಟಿಯಲ್ಲಿ ನೀರು, ಬಳಿಯಲ್ಲಿ ಗೋಣಿಚೀಲಗಳು, ಉದ್ದನೆಯ ಏಣಿ ಇರಬೇಕು. ದನಕರುಗಳ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟಿನಿಂದ ಕಟ್ಟಬೇಕು. ಅಗ್ನಿಶಾಮಕದ ವಾಹನ ಬರಲು ದಾರಿಯಲ್ಲಿ ಚಾಚಿದ ಬೇಲಿಯನ್ನು ಸವರಬೇಕು. 101 ಮತ್ತು 112 ಎಂಬ ಸಂಖ್ಯೆಗಳು ಮನೆಯ ಮುದುಕರಿಗೂ ಬಾಯಿಪಾಠವಾಗಿರಬೇಕು.

ಬದುವಿನ ಹುಲ್ಲನ್ನು ಈಗ ಅಲ್ಲಿ ಮಾರ್ಗಶಿರದಲ್ಲಿ, ಅರೆಹಸಿರಾಗಿರುವಾಗಲೇ ಕುಡುಗೋಲಿನಿಂದ ಕೊಯ್ಯಿಸುತ್ತಾರೆ. ಆಗ ಅದು ಕಸವಾಗಿರುವುದಿಲ್ಲ, ಮೇವಾಗಿರುತ್ತದೆ. ಅರ್ಧ ರೈತನ ಹಸುವಿಗೆ, ಅರ್ಧ ಗೋಶಾಲೆಗೆ ಹೋಗುತ್ತದೆ. ಹೊಲದ ಸುತ್ತ ಎರಡು ಮಾರು ಅಗಲಕ್ಕೆ ನೇಗಿಲು ಹೊಡೆಸಿ ಬರಿನೆಲ ಮಾಡುತ್ತಾರೆ; ಹುಲ್ಲಿನ ಬೆಂಕಿಗೆ ಆ ಪಟ್ಟಿಯೇ ಗಡಿ. ಮೆಕ್ಕೆಜೋಳದ ಸೊಪ್ಪೆಯನ್ನು ಸುಡದೆ ಕತ್ತರಿಸಿ ಮೇವಿಗೂ ಗೊಬ್ಬರಕ್ಕೂ ಬಳಸುತ್ತಾರೆ. ಸುಟ್ಟ ಬೂದಿ ಗೊಬ್ಬರವೆಂದು ಹಿರಿಯರು ಹೇಳುತ್ತಿದ್ದುದು ಪೂರ್ತಿ ಸುಳ್ಳಲ್ಲ. ಆದರೆ ಸುಡುವಾಗ ಸಾರಜನಕವೂ ಮಣ್ಣಿಗೆ ಸೇರಬೇಕಾದ ಸಾವಯವ ಅಂಶವೂ ಹೊಗೆಯಾಗಿ ಹೋಗುತ್ತವೆ.

ಇಲ್ಲಿ ಶ್ರದ್ಧಾವಂತರಾದ ಕೆಲವರು ಒಂದು ಸಂದೇಹವನ್ನು ಎತ್ತುವುದುಂಟು. ಹುಲ್ಲು ಕೊಯ್ಯುವುದರಲ್ಲಿ ವನಸ್ಪತಿಯ ಹಿಂಸೆಯಿಲ್ಲವೇ? ನೇಗಿಲು ಹೊಡೆಯುವುದರಲ್ಲಿ ಪೃಥ್ವಿಕಾಯಿಕ ಜೀವಗಳ ಹಿಂಸೆಯಿಲ್ಲವೇ? ಬೆಂಕಿಗೆ ನೀರು ಸುರಿದರೆ ಅಗ್ನಿಯ ಜೀವವೂ ಜಲದ ಜೀವವೂ ಸಾಯುವುದಿಲ್ಲವೇ? ಪ್ರಶ್ನೆ ಹೊಸದಲ್ಲ. ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿ ಕಾಲೋದಾಯಿ ಎಂಬವನು ಭಗವಾನ್ ಮಹಾವೀರರಲ್ಲಿ ಇದನ್ನೇ ಕೇಳುತ್ತಾನೆ: ಒಬ್ಬನು ಬೆಂಕಿ ಹಚ್ಚುತ್ತಾನೆ, ಇನ್ನೊಬ್ಬನು ಆರಿಸುತ್ತಾನೆ, ಇಬ್ಬರಲ್ಲಿ ಹೆಚ್ಚು ಕರ್ಮವನ್ನು ಕಟ್ಟಿಕೊಳ್ಳುವವನು ಯಾರು? ಹಚ್ಚಿದವನೇ ಎಂಬುದು ಭಗವಂತರ ಉತ್ತರ. ಹಚ್ಚುವವನು ಪೃಥ್ವಿ, ಜಲ, ವಾಯು, ವನಸ್ಪತಿ, ತ್ರಸ ಜೀವಗಳನ್ನು ಬಹುವಾಗಿ ಹಿಂಸಿಸುತ್ತಾನೆ. ಆರಿಸುವವನು ಅಗ್ನಿಜೀವಗಳನ್ನು ಹೆಚ್ಚಾಗಿ ಹಿಂಸಿಸಿದರೂ ಉಳಿದವನ್ನು ಅಲ್ಪವಾಗಿ ಹಿಂಸಿಸುತ್ತಾನೆ. ಇಬ್ಬರೂ ನಿರ್ದೋಷಿಗಳೆಂದು ಅಲ್ಲಿ ಹೇಳಿಲ್ಲ. ಹೆಚ್ಚು ಕಡಿಮೆಗಳನ್ನು ತೂಗಿ ನಡೆಯುವುದೇ ಗೃಹಸ್ಥನಿಗೆ ಉಳಿದಿರುವ ಮಾರ್ಗ. ಕುಡುಗೋಲಿನ ಮುಂದೆ ಮೊಲವು ಓಡಬಲ್ಲುದು, ಹಕ್ಕಿಯು ಎದ್ದು ಹೋಗಬಲ್ಲುದು, ಗೂಡು ಕಂಡರೆ ಕೊಯ್ಯುವವನು ಕೈ ತಡೆಯಬಲ್ಲನು. ಬೆಂಕಿ ಕೈ ತಡೆಯಲಾರದು.

ಒಳ್ಳೆಯದಕ್ಕೆಂದೇ ಹಚ್ಚಿದ ಬೆಂಕಿಯೂ ಹಿಂತಿರುಗುತ್ತದೆಂಬುದಕ್ಕೆ ಕನ್ನಡದ ವಡ್ಡಾರಾಧನೆಯಲ್ಲಿ ಬರುವ ಗುರುದತ್ತ ಭಟ್ಟಾರರ ಕಥೆ ಎಲ್ಲರಿಗೂ ಪರಿಚಿತ. ಅರಸನಾಗಿದ್ದಾಗ ಗುರುದತ್ತನು ಜನರನ್ನು ಪೀಡಿಸುತ್ತಿದ್ದ ಹುಲಿಯನ್ನು ಗುಹೆಯಲ್ಲಿ ಬೆಂಕಿಯಿಕ್ಕಿ ಕೊಲ್ಲಿಸುತ್ತಾನೆ. ಆ ಹುಲಿಯೇ ಮರುಜನ್ಮದಲ್ಲಿ ಮನುಷ್ಯನಾಗಿ ಹುಟ್ಟಿ, ಮುನಿಯಾಗಿ ನಿಂತ ಗುರುದತ್ತನಿಗೆ ಹತ್ತಿಯನ್ನು ಸುತ್ತಿ ಬೆಂಕಿಯಿಡುತ್ತದೆ. ಹತ್ತಿಯ ವ್ಯಾಪಾರದಲ್ಲಿ ಬೆಳೆದ ವರ್ತಕರು ಈ ಕಥೆಯನ್ನು ಮೊದಲೂ ಹಲವು ಸಲ ಓದಿದ್ದರು. ಆ ವರ್ಷ ಮಕ್ಕಳಿಗೆ ಅದನ್ನು ಹೇಳುವಾಗ ಅವರ ಧ್ವನಿ ಮೊದಲಿನಂತಿರಲಿಲ್ಲವೆಂದು ಕೇಳಿದವರು ಹೇಳುತ್ತಾರೆ. ಕಥೆ ಮುಗಿದ ಮೇಲೆ ಅವರು ತಮ್ಮ ಬದುವಿನ ಪ್ರಸಂಗವನ್ನೂ, ಆಳಿನ ಎದುರು ಮೊದಲ ಸಂಜೆ ತಾವು ಸುಮ್ಮನಿದ್ದುದನ್ನೂ ಮಕ್ಕಳ ಮುಂದೆ ಮುಚ್ಚಿಡದೆ ಹೇಳಿದರು.

ಬಸದಿಗಳ ವಿಶ್ವಸ್ತ ಮಂಡಳಿಗಳು ಈ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಎಷ್ಟೋ ಬಸದಿಗಳು ಊರ ಹೊರಗೆ, ಗುಡ್ಡದ ಮೇಲೆ, ಹುಲ್ಲಿನ ನಡುವೆ ಇವೆ. ಅರ್ಚಕರು ಒಬ್ಬರೇ ಇರುತ್ತಾರೆ. ಗುಡಿಸಿದ ತರಗೆಲೆಗೂ ನಿರ್ಮಾಲ್ಯಕ್ಕೂ ಪ್ರಾಕಾರದ ಮೂಲೆಯಲ್ಲಿ ಬೆಂಕಿಯಿಡುವುದು ಅಭ್ಯಾಸವಾಗಿದೆ. ಅದನ್ನು ನಿಲ್ಲಿಸಿ ಒಂದು ಗುಂಡಿಯಲ್ಲಿ ಗೊಬ್ಬರ ಮಾಡಿಸಬಹುದು. ಮಂಡಳಿಗಳು ಗೇಣಿಗೆ ಕೊಟ್ಟ ಜಮೀನುಗಳ ಕರಾರಿನಲ್ಲಿ ಬದುವಿಗೂ ಸೊಪ್ಪೆಗೂ ಬೆಂಕಿಯಿಡಬಾರದೆಂಬ ಒಂದು ಸಾಲನ್ನು ಸೇರಿಸಬಹುದು. ಆದರೆ ಸಾಲು ಬರೆದರೆ ಸಾಲದು. ಕೊಯ್ಲಿನ ಕೂಲಿಯಲ್ಲಿ ಮಂಡಳಿಯೂ ಪಾಲು ಹೊರಬೇಕು. ಬೆಂಕಿಯು ಅಗ್ಗವಾಗಿಯೂ ಕುಡುಗೋಲು ದುಬಾರಿಯಾಗಿಯೂ ಇರುವವರೆಗೆ ಬಡವನು ಬೆಂಕಿಯನ್ನೇ ಆರಿಸುತ್ತಾನೆ. ಅವನನ್ನು ಅಲ್ಲಿಗೆ ತಳ್ಳಿದವನಿಗೂ ಅದರಲ್ಲಿ ಪಾಲುಂಟು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣಕ್ಕೆ ಮೊದಲು ಪ್ರಮತ್ತಯೋಗವನ್ನು, ಅಂದರೆ ಎಚ್ಚರಗೇಡಿಯಾದ ನಡೆಯನ್ನು ಹೇಳಿದ್ದಾರೆ. ಮನೆಯನ್ನು ಬೆಂಕಿಯಿಂದ ಕಾಪಾಡುವುದೆಂದರೆ ಮಾಡನ್ನು ಗುಡಿಸುವುದು, ಸೌದೆಯನ್ನು ಸರಿಸುವುದು ನಿಜ. ಅದಕ್ಕಿಂತ ಮೊದಲು, ಇನ್ನೊಬ್ಬನ ಕೈಯಲ್ಲಿ ಕಡ್ಡಿ ಕೊಟ್ಟು ತಾನು ಕಣ್ಣು ಮುಚ್ಚಿಕೊಳ್ಳದಿರುವುದು.

ಹೊಲದ ಮನೆಯ ಅಡುಗೆಮನೆಗೆ ಹೊಸ ತೊಲೆಗಳನ್ನು ಹಾಕಿಸುವಾಗ ಸುಟ್ಟ ಮೂರರಲ್ಲಿ ಒಂದನ್ನು ಹಾಗೆಯೇ ಬಿಡಬೇಕೆಂದು ಅಕ್ಕ ಹೇಳಿದರು. ಅದು ಭಾರ ಹೊರುವಷ್ಟು ಗಟ್ಟಿಯಾಗಿಯೇ ಇತ್ತು. ಈಗಲೂ ಆ ಮನೆಗೆ ಬಂದ ನಂಟರು ಊಟಕ್ಕೆ ಕುಳಿತಾಗ ತಲೆಯೆತ್ತಿ ನೋಡಿ, ಇದೇಕೆ ಕಪ್ಪಾಗಿದೆಯೆಂದು ಕೇಳುತ್ತಾರೆ. ವರ್ತಕರು ಇದ್ದರೆ ಅವರೇ ಹೇಳುತ್ತಾರೆ. ಮಾರ್ಗಶಿರದಲ್ಲಿ ಆಳು ಫೋನು ಮಾಡಿ, "ಬದುವಿನ ಹುಲ್ಲು ಬಲಿತಿದೆ" ಎಂದಾಗ, ಕೂಲಿ ಎಷ್ಟೆಂದು ಅವರು ಕೇಳುವುದಿಲ್ಲ. ಕೊಯ್ಯುವ ದಿನ ಯಾವುದೆಂದು ಕೇಳಿ, ಆ ದಿನ ತಾವೇ ಹೋಗಿ ಬದುವಿನ ಮೇಲೆ ಮೊದಲು ನಡೆದು ನೋಡುತ್ತಾರೆ.